ಯಾರ ಅಪ್ಪಣೆಯನ್ನೂ ಕೇಳದ ತಂತ್ರಾಂಶ

ಪುಣೆಯ ಪೂರ್ವದಂಚಿನಲ್ಲಿ, ವಾಘೋಲಿಯಿಂದ ಆಚೆಗೆ ಏಳುತ್ತಿರುವ ಬಡಾವಣೆಗಳಲ್ಲಿ ಗಾರೆ, ಸೆಂಟ್ರಿಂಗ್ ಕೆಲಸ ಮಾಡುವವರ ನಡುವೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಲಂಬಾಣಿ ಕುಟುಂಬಗಳಿವೆ. ಅವರ ಮಕ್ಕಳು ಮನೆಯಲ್ಲಿ ಲಂಬಾಣಿಗರ ಭಾಷೆಯಾದ ಗೋರ್ ಬೋಲಿ ಆಡುತ್ತಾರೆ, ಶಾಲೆಯಲ್ಲಿ ಮರಾಠಿ ಓದುತ್ತಾರೆ, ಊರಿಗೆ ಹೋದಾಗ ಕನ್ನಡದಲ್ಲಿ ಮಾತನಾಡುತ್ತಾರೆ, ಮೊಬೈಲಿನಲ್ಲಿ ಹಿಂದಿ ಕೇಳುತ್ತಾರೆ. ಈ ನಾಲ್ಕರಲ್ಲಿ ಮೂರು ಭಾಷೆಗಳಿಗೆ ಪಠ್ಯಪುಸ್ತಕ, ನಿಘಂಟು, ಕೀಲಿಮಣೆ, ಕಾಗುಣಿತ ತಿದ್ದುವ ಸೌಲಭ್ಯ ಎಲ್ಲವೂ ಇವೆ. ತಾಯಿ ಬೈಯುವಾಗಲೂ ಮುದ್ದಿಸುವಾಗಲೂ ಬಾಯಿಗೆ ಬರುವ ಗೋರ್ ಬೋಲಿಗೆ ಮಾತ್ರ ಇವುಗಳಲ್ಲಿ ಯಾವುದೂ ಸುಲಭವಾಗಿ ಕೈಗೆಟಕುವಂತಿಲ್ಲ.

ಇದು ಹತ್ತಿಪ್ಪತ್ತು ಮನೆಗಳ ಭಾಷೆಯೇನಲ್ಲ. 2011ರ ಜನಗಣತಿಯಲ್ಲಿ ಇದರ ಬೇರೆ ಹೆಸರುಗಳಾದ ಲಮಾಣಿ ಅಥವಾ ಲಂಬಾಡಿ ಎಂದು ತಮ್ಮ ಮಾತೃಭಾಷೆಯನ್ನು ಬರೆಸಿದವರೇ 30 ಲಕ್ಷಕ್ಕೂ ಹೆಚ್ಚು; ಬಂಜಾರಿ ಎಂದು ಬರೆಸಿದವರ ಲೆಕ್ಕ ಬೇರೆ. ಆದರೆ ಆ ಲಕ್ಷಗಳೆಲ್ಲ ಗಣತಿಯ ಕೋಷ್ಟಕದಲ್ಲಿ ಹಿಂದಿಯ ತಲೆಬರಹದ ಕೆಳಗೆ ಸೇರಿಹೋಗಿವೆ. ರೂಢಿಯಲ್ಲಿ ನೆಲೆಗೊಂಡ ಸ್ವಂತ ಲಿಪಿ ಇಲ್ಲದ್ದರಿಂದ ಕರ್ನಾಟಕದ ಲಂಬಾಣಿಗರು ಕನ್ನಡ ಲಿಪಿಯಲ್ಲಿ, ಮಹಾರಾಷ್ಟ್ರದವರು ದೇವನಾಗರಿಯಲ್ಲಿ, ತೆಲಂಗಾಣ ಮತ್ತು ಆಂಧ್ರದವರು ತೆಲುಗು ಲಿಪಿಯಲ್ಲಿ ಬರೆಯುತ್ತಾರೆ. ಒಂದೇ ಹಾಡನ್ನು ಮೂವರು ಬರೆದಿಟ್ಟರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರರು, ಓದಿ ಹೇಳಿದರೆ ಮಾತ್ರ ಮೂವರಿಗೂ ಅರ್ಥವಾಗುತ್ತದೆ. ವಲಸೆ ಬಂದ ಊರಿನಲ್ಲಿ ಈ ತೊಡಕು ಒಂದೇ ಮನೆಯ ಒಳಗೇ ನುಸುಳುತ್ತದೆ, ಏಕೆಂದರೆ ತಂದೆಗೆ ಅಕ್ಷರ ಬಂದರೆ ಅದು ಕನ್ನಡ, ಮಗಳಿಗೆ ಬರುವುದು ದೇವನಾಗರಿ.

ಇಂಡಿ ತಾಲ್ಲೂಕಿನ ತಾಂಡಾ ಒಂದರಿಂದ ಬಂದು ಇಲ್ಲಿ ಸೈಟ್ ಸೂಪರ್‌ವೈಸರ್ ಆಗಿರುವ ತರುಣರೊಬ್ಬರು ಮತ್ತು ಅವರ ಗೆಳೆಯರು ಭಾನುವಾರಗಳಲ್ಲಿ ಈ ಮಕ್ಕಳಿಗೆ ಓದು ಹೇಳಿಕೊಡುತ್ತಾರೆ. ಅವರು ತಮ್ಮ ಭಾಷೆಯ ಪದಗಳನ್ನು ಕೂಡಿಹಾಕಿ, ಮಕ್ಕಳು ಓದಬಹುದಾದ ಚಿಕ್ಕ ಪುಸ್ತಕಗಳನ್ನು ಮಾಡಬೇಕೆಂದು ಹೊರಟಾಗ ಕಂಪ್ಯೂಟರಿನ ಕೆಲಸಕ್ಕೆ ನನ್ನನ್ನು ಕರೆದರು. ನಾನು ಲಂಬಾಣಿಯಲ್ಲ, ಭಾಷಾವಿಜ್ಞಾನಿಯೂ ಅಲ್ಲ. ವಿಜಯಪುರದ ಕಡೆಯವ ಮತ್ತು ಹೊಟ್ಟೆಪಾಡಿಗೆ ತಂತ್ರಾಂಶದ ಕೆಲಸ ಮಾಡುವವ, ಅಷ್ಟೇ. ಈ ಬರಹ ನಾವು ಬಳಸುತ್ತಿರುವ ಉಪಕರಣಗಳ ಕುರಿತದ್ದು. ಇಂಥ ಕೆಲಸಕ್ಕೆ ಸ್ವತಂತ್ರ ಮತ್ತು ಮುಕ್ತ ತಂತ್ರಾಂಶವೇ ಏಕೆ ಬೇಕೆಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ, ಅದನ್ನೂ ಇಲ್ಲಿ ಹೇಳುತ್ತೇನೆ.

ಸಾಮಾನ್ಯವಾಗಿ ಮುಕ್ತ ತಂತ್ರಾಂಶದ ಪರವಾಗಿ ಮೊದಲು ಕೇಳಿಬರುವ ಮಾತು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎಂಬುದು. ಸೈಟಿನ ಪತ್ರಾಸ್ ಶೆಡ್ಡಿನಲ್ಲಿ ನಡೆಯುವ ಕೆಲಸಕ್ಕೆ ಅದು ಸಣ್ಣ ಸಂಗತಿಯೇನಲ್ಲ. ಆದರೆ ದುಡ್ಡು ಕೊಡಲು ಯಾರಾದರೂ ದಾನಿಗಳು ಸಿಕ್ಕರೂ ಗೋರ್ ಬೋಲಿಗೆಂದು ಮಾಡಿದ ತಂತ್ರಾಂಶ ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿಗಳು ಭಾಷೆಯನ್ನು ಆರಿಸುವುದು ಗ್ರಾಹಕರ ಕೊಳ್ಳುವ ಶಕ್ತಿ ನೋಡಿ. ಹೊಸ ಫೋನಿನಲ್ಲಿ ಭಾಷೆಗಳ ಪಟ್ಟಿ ತೆರೆದಾಗ ನಮ್ಮ ಭಾಷೆ ಅದರಲ್ಲಿ ಇಲ್ಲದಿದ್ದರೆ ಅಲ್ಲಿಗೆ ದಾರಿ ಮುಗಿಯಿತು. ಪಟ್ಟಿಗೆ ಒಂದು ಹೆಸರು ಸೇರಿಸುವ ಅಧಿಕಾರ ಬಳಸುವವರ ಕೈಯಲ್ಲಿ ಇರುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಆ ಅಧಿಕಾರ ಇದೆ. ಬಳಸಲು, ಒಳಗಿನ ಕೆಲಸವನ್ನು ನೋಡಿ ಕಲಿಯಲು, ತಿದ್ದಲು ಮತ್ತು ತಿದ್ದಿದ್ದನ್ನು ಹಂಚಲು ಪರವಾನಗಿಯೇ ಅವಕಾಶ ಕೊಡುತ್ತದೆ. ಭಾಷೆಗಳಿಗೆ ಅಂತರರಾಷ್ಟ್ರೀಯ ಮಾನಕ ಕೊಡುವ ಮೂರಕ್ಷರದ ಸಂಕೇತಗಳಲ್ಲಿ ಲಂಬಾಡಿಗೆ ‘ಎಲ್‌ಎಂಎನ್’ ಎಂಬ ಸಂಕೇತ ಮೊದಲೇ ಇದೆ. ಅದನ್ನು ತಂತ್ರಾಂಶಕ್ಕೆ ತಿಳಿಸಿ, ಈ ಭಾಷೆಯನ್ನು ಕನ್ನಡ ಲಿಪಿಯಲ್ಲಿಯೂ ದೇವನಾಗರಿಯಲ್ಲಿಯೂ ಬರೆಯಲಾಗುತ್ತದೆ ಎಂದು ಸೇರಿಸುವುದಕ್ಕೆ ನಾವು ಯಾರಿಗೂ ಅರ್ಜಿ ಹಾಕಬೇಕಾಗಲಿಲ್ಲ.

ನಿಘಂಟಿನ ಕೆಲಸಕ್ಕೆ ನಾವು ಹಿಡಿದದ್ದು ಭಾಷೆಗಳ ಅಧ್ಯಯನ ಮಾಡುವ ಎಸ್‌ಐಎಲ್ ಸಂಸ್ಥೆಯ ಫೀಲ್ಡ್‌ವರ್ಕ್ಸ್ ತಂತ್ರಾಂಶವನ್ನು. ಭಾಷಾ ಕ್ಷೇತ್ರಕಾರ್ಯ ಮಾಡುವವರು ಇದನ್ನು ‘ಫ್ಲೆಕ್ಸ್’ ಎಂದು ಕರೆಯುತ್ತಾರೆ. ನಮ್ಮ ಕಡೆ ಫ್ಲೆಕ್ಸ್ ಎಂದರೆ ಸರ್ಕಲ್ಲುಗಳಲ್ಲಿ ಹುಟ್ಟುಹಬ್ಬಕ್ಕೆ ಕಟ್ಟುವ ಬ್ಯಾನರ್ ಆದ್ದರಿಂದ, ಹುಡುಗರ ನಡುವೆ ಅದನ್ನು ‘ಡಿಕ್ಷನರಿ’ ಎಂದೇ ಕರೆಯುವುದು ರೂಢಿಯಾಗಿದೆ. ಒಂದು ಯೋಜನೆಯೊಳಗೆ ಎಷ್ಟು ಬರವಣಿಗೆಯ ಪದ್ಧತಿಗಳನ್ನು ಬೇಕಾದರೂ ಜತೆಜತೆಗೆ ಇಡಬಹುದೆಂಬುದು ಇದರ ದೊಡ್ಡ ಗುಣ. ಉದಾಹರಣೆಗೆ ತಾಯಿ ಎಂಬ ಅರ್ಥದ ‘ಯಾಡಿ’ ಎಂಬ ನಮೂದನ್ನು ತೆರೆದರೆ ಮೇಲಿನ ಸಾಲಿನಲ್ಲಿ ಕನ್ನಡ ಲಿಪಿಯ ರೂಪ, ಅದರ ಕೆಳಗೆ ದೇವನಾಗರಿಯ ರೂಪ, ಆಮೇಲೆ ಅರ್ಥ ಕನ್ನಡದಲ್ಲಿ, ಅರ್ಥ ಮರಾಠಿಯಲ್ಲಿ, ಒಂದು ಬಳಕೆಯ ವಾಕ್ಯ, ಕೊನೆಯಲ್ಲಿ ಧ್ವನಿಯ ಕಡತ ಇರುತ್ತದೆ. ತಂದೆಗೆ ಮುದ್ರಿಸಿ ಕೊಡುವಾಗ ಕನ್ನಡ ಲಿಪಿಯ ಆವೃತ್ತಿಯನ್ನೂ ಮಗಳಿಗೆ ಕೊಡುವಾಗ ದೇವನಾಗರಿಯದನ್ನೂ ಅದೇ ಸಂಗ್ರಹದಿಂದ ತೆಗೆಯಬಹುದು. ನಾಳೆ ತೆಲಂಗಾಣದ ಯಾರಾದರೂ ಸೇರಿಕೊಂಡರೆ ಮೂರನೆಯ ಸಾಲೊಂದನ್ನು ಸೇರಿಸಿದರಾಯಿತು.

ಎರಡೂ ಲಿಪಿಗಳಲ್ಲಿ ಕೈಯಿಂದ ಟೈಪ್ ಮಾಡುವ ಶ್ರಮವನ್ನು ಉಳಿಸುವುದಕ್ಕೆ, ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸ್ಥಾನಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನ ರಚನೆಯೇ ನೆರವಾಗುತ್ತದೆ. ಭಾರತದ ಪ್ರಮುಖ ಲಿಪಿಗಳನ್ನು ಯೂನಿಕೋಡ್‌ಗೆ ಸೇರಿಸುವಾಗ ನಮ್ಮದೇ ಹಳೆಯ ‘ಇಸ್ಕಿ’ ಮಾನಕದ ಕ್ರಮವನ್ನು ಅನುಸರಿಸಿದ್ದರಿಂದ ಅವುಗಳ ಅಕ್ಷರಗಳು ಬಹುಮಟ್ಟಿಗೆ ಒಂದೇ ವರಸೆಯಲ್ಲಿ ಕುಳಿತಿವೆ. ದೇವನಾಗರಿಯ ‘ಕ’ ಅಕ್ಷರದ ಸ್ಥಾನಕ್ಕೆ 896 ಕೂಡಿದರೆ ಕನ್ನಡದ ‘ಕ’ ಸಿಗುತ್ತದೆ. ‘ಮ’ಗೂ ‘ಳ’ಗೂ ಅದೇ ಅಂತರ. ಲಿಪಿ ಬದಲಾವಣೆಗೆ ಬೇಕಾದ ಸಿದ್ಧ ನಿಯಮಗಳು ಐಸಿಯು ಎಂಬ, ಬೇರೆ ತಂತ್ರಾಂಶಗಳು ಎತ್ತಿ ಬಳಸಬಹುದಾದ ಮುಕ್ತ ಕೋಡ್ ಭಂಡಾರದಲ್ಲಿ ಇವೆ, ಫೀಲ್ಡ್‌ವರ್ಕ್ಸ್ ಅವನ್ನು ಬಳಸಿಕೊಂಡು ಸಾವಿರಾರು ನಮೂದುಗಳನ್ನು ಒಂದೇ ಸಲಕ್ಕೆ ಬದಲಾಯಿಸಬಲ್ಲದು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡು ಲಿಪಿಗಳ ಓದುವ ಅಭ್ಯಾಸ ಬೇರೆ ಬೇರೆ. ಕನ್ನಡದಲ್ಲಿ ‘ಗೋರ್’ ಎಂದು ಬರೆಯಬೇಕಾದರೆ ಕೊನೆಯ ರೇಫಕ್ಕೆ, ಅಂದರೆ ರಕಾರಕ್ಕೆ, ಅದರಲ್ಲಿ ಅಕಾರ ಇಲ್ಲವೆಂದು ತೋರಿಸುವ ಹಲಂತದ ಗುರುತು ಹಾಕಲೇಬೇಕು. ಹಾಕದಿದ್ದರೆ ಅದು ‘ಗೋರ’ ಆಗಿಬಿಡುತ್ತದೆ. ಮರಾಠಿ ಓದುವ ಮಗುವಿಗೆ ಪದದ ಕೊನೆಯ ಅಕಾರವನ್ನು ನುಂಗುವುದು ಅಭ್ಯಾಸವಾಗಿರುವುದರಿಂದ ಹಲಂತವಿಲ್ಲದೆಯೂ ‘ಗೋರ್’ ಎಂದೇ ಓದುತ್ತದೆ, ಹಲಂತ ಕಂಡರೆ ಇದೇನು ವಿಚಿತ್ರ ಎಂದು ತಡವರಿಸುತ್ತದೆ. ಆದ್ದರಿಂದ ಕನ್ನಡದಿಂದ ದೇವನಾಗರಿಗೆ ಹೋಗುವಾಗ ಪದದ ಕೊನೆಯ ಹಲಂತವನ್ನು ಅಳಿಸಬೇಕೆಂದು ನಾವೇ ಒಂದು ನಿಯಮ ಬರೆದು ಸೇರಿಸಿದೆವು. ಇದರ ತಿರುಗುಮುರುಗು ಅಷ್ಟು ಸರಳವಲ್ಲ. ದೇವನಾಗರಿಯಿಂದ ಕನ್ನಡಕ್ಕೆ ಬರುವಾಗ ಯಾವ ಅಕಾರ ಉಚ್ಚಾರದಲ್ಲಿದೆ, ಯಾವುದು ಇಲ್ಲ ಎಂಬುದನ್ನು ಭಾಷೆ ಬಲ್ಲವರೇ ಹೇಳಬೇಕು. ಯಂತ್ರಕ್ಕೆ ಬರಿಯ ಅಕ್ಷರ ನೋಡಿ ಅದು ತಿಳಿಯದು. ಹೀಗಾಗಿ ಮೂಲ ನಮೂದನ್ನು ಕನ್ನಡ ಲಿಪಿಯಲ್ಲಿ ಮಾಡಿ ದೇವನಾಗರಿಯನ್ನು ಅದರಿಂದ ಪಡೆಯುವುದೆಂದು ತೀರ್ಮಾನವಾಯಿತು. ಇದು ಕನ್ನಡಾಭಿಮಾನದ ತೀರ್ಮಾನವಲ್ಲ. ಉಚ್ಚಾರದ ಮಾಹಿತಿ ಯಾವ ಬರವಣಿಗೆಯಲ್ಲಿ ಹೆಚ್ಚು ಉಳಿಯುತ್ತದೆಯೋ ಅದನ್ನು ಮೂಲವಾಗಿಟ್ಟುಕೊಳ್ಳುವುದು ಲೇಸು. ತಂತ್ರಾಂಶ ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಈ ಒಂದು ಹಲಂತದ ನಿಯಮವನ್ನು ಸೇರಿಸಿಕೊಡಿ ಎಂದು ಯಾವ ಕಂಪನಿಯ ಸಹಾಯವಾಣಿಗೆ ಬರೆಯಬೇಕಿತ್ತು ಎಂದು ಯೋಚಿಸಿದರೆ ನಗು ಬರುತ್ತದೆ.

ಪದ ಕಲೆಹಾಕುವ ವಿಧಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಅ’ದಿಂದ ‘ಳ’ವರೆಗೆ ನೆನಪು ಮಾಡಿಕೊಳ್ಳಿ ಎಂದರೆ ಯಾರಿಗೂ ಪದ ಹೊಳೆಯುವುದಿಲ್ಲ. ಫೀಲ್ಡ್‌ವರ್ಕ್ಸ್‌ನೊಳಗೆ ಸುಮಾರು 1,800 ಅರ್ಥಕ್ಷೇತ್ರಗಳ ಪಟ್ಟಿಯಿದ್ದು, ಆಕಾಶ, ದೇಹದ ಅಂಗ, ಅಡುಗೆ, ನೆಂಟಸ್ತಿಕೆ, ಜಗಳ ಹೀಗೆ ಒಂದೊಂದು ವಿಷಯಕ್ಕೂ ಕೆಲವು ಪ್ರಶ್ನೆಗಳಿವೆ. ನಾಲ್ಕು ಜನ ಕುಳಿತು ಒಂದು ವಿಷಯ ಹಿಡಿದರೆ ಪದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಆದರೆ ಆ ಪಟ್ಟಿ ಜಗತ್ತಿಗೆಲ್ಲ ಸಲ್ಲುವಂತೆ ಮಾಡಿದ್ದರಿಂದ ಹಿಮದ ಬಗ್ಗೆಯೂ ಪ್ರಶ್ನೆ ಕೇಳುತ್ತದೆ, ಕಸೂತಿಯ ಬಗ್ಗೆ ನಮಗೆ ಸಾಲುವಷ್ಟು ಕೇಳುವುದಿಲ್ಲ. ಲಂಬಾಣಿ ಹೆಂಗಸರು ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆಗಳ ಮೇಲೆ ಹಾಕುವ ಹೊಲಿಗೆಗಳಿಗೆ, ಕನ್ನಡಿ ಕೂರಿಸುವ ಬಗೆಗಳಿಗೆ, ಕವಡೆ ಪೋಣಿಸುವ ರೀತಿಗಳಿಗೆ ಪ್ರತ್ಯೇಕ ಹೆಸರುಗಳಿವೆ. ಹಿಮದ ಪ್ರಶ್ನೆಗಳನ್ನು ತೆಗೆದು ಆ ಜಾಗದಲ್ಲಿ ಹೊಲಿಗೆಯ ಒಂದು ಇಡೀ ವಿಭಾಗವನ್ನು ಹೆಂಗಸರೇ ಹೇಳಿ ಮಾಡಿಸಿದರು. ಸಂಗ್ರಹದ ಅತ್ಯುತ್ತಮ ಭಾಗ ಅದೇ ಎಂಬುದು ನನ್ನ ಎಣಿಕೆ.

ಎಸ್‌ಐಎಲ್ ಎಂಬ ಹೆಸರನ್ನು ಕೇಳಿದೊಡನೆ ಹುಬ್ಬೇರಿಸುವವರು ಇದ್ದಾರೆ, ಅವರ ಅನುಮಾನಕ್ಕೆ ಕಾರಣವೂ ಇದೆ. 1934ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಸಂಸ್ಥೆಯ ಮೂಲ ಆಸಕ್ತಿ ಬೈಬಲ್ಲಿನ ಅನುವಾದದೊಂದಿಗೆ ಬೆಸೆದುಕೊಂಡದ್ದು. ತಾಂಡಾದ ಹಿರಿಯರೊಬ್ಬರು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಿದರು, ಮರೆಮಾಚದೆ ಉತ್ತರಿಸಿದೆ. ತಂತ್ರಾಂಶದ ಪರವಾನಗಿ ನಮ್ಮಿಂದ ಯಾವ ನಂಬಿಕೆಯನ್ನೂ ಕೇಳುವುದಿಲ್ಲ, ನಮ್ಮ ಪದಗಳು ನಾವಾಗಿ ಕಳಿಸಿದ ಹೊರತು ಲ್ಯಾಪ್‌ಟಾಪಿನಿಂದ ಆಚೆಗೆ ಹೋಗುವುದಿಲ್ಲ, ಇಡೀ ಸಂಗ್ರಹ ಎಕ್ಸ್‌ಎಂಎಲ್ ಎಂಬ ಸಾದಾ ಪಠ್ಯರೂಪದ ಕಡತದಲ್ಲಿ ಇರುವುದರಿಂದ ಬೇಡವೆನಿಸಿದ ದಿನ ಬೇರೆ ತಂತ್ರಾಂಶಕ್ಕೆ ಎತ್ತಿಕೊಂಡು ಹೋಗಬಹುದು ಎಂದು ಹೇಳಿ, ಆ ಕಡತವನ್ನೇ ತೆರೆದು ತೋರಿಸಿದೆ. ಸಂಸ್ಥೆಯ ಉದ್ದೇಶವನ್ನು ಒಪ್ಪದವರೂ ಉಪಕರಣವನ್ನು ನಿರ್ಭಯವಾಗಿ ಬಳಸುವಂತೆ ಮಾಡುವುದು ಸೋರ್ಸ್ ಕೋಡ್ ಬಹಿರಂಗವಾಗಿರುವುದರ ಒಂದು ಲಾಭ.

ಕಡತ ಯಾವ ರೂಪದಲ್ಲಿ ಇರಬೇಕೆಂಬುದರ ಬೆಲೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರಬೇಕು. ಯೂನಿಕೋಡ್ ಬಳಕೆ ಹರಡುವ ಮುಂಚೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಲ್ಲಿ ನಾವು ವರ್ಷಗಟ್ಟಲೆ ಟೈಪ್ ಮಾಡಿದೆವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಸ್ವಯಂಸೇವಕರು ಬರೆದು ಹಂಚಿದ ಪರಿವರ್ತಕಗಳಿಂದ ಅವುಗಳಲ್ಲಿ ಬಹಳಷ್ಟನ್ನು ಮರಳಿ ಪಡೆದದ್ದು ಕೋಟಿಗಟ್ಟಲೆ ಮಂದಿ ಆಡುವ, ಸರ್ಕಾರದ ಬೆಂಬಲ ಇರುವ ಭಾಷೆಯಾದ್ದರಿಂದ. ಚಿಕ್ಕ ಸಮುದಾಯವೊಂದು ತನ್ನ ಅಜ್ಜಿಯರ ಹಾಡುಗಳನ್ನು ಅಂಥ ಕಡತದಲ್ಲಿಟ್ಟು ಹತ್ತು ವರ್ಷ ಬಿಟ್ಟು ತೆರೆದರೆ, ಪರಿವರ್ತಕ ಬರೆದುಕೊಡಲು ಯಾರೂ ಇರಲಿಕ್ಕಿಲ್ಲ.

ಧ್ವನಿಯ ಕೆಲಸಕ್ಕೆ ಬರೋಣ. ಧ್ವನಿಮುದ್ರಣದ ಗದ್ದಲ ತೆಗೆಯಲು ಮತ್ತು ತುಂಡರಿಸಲು ಅಡಾಸಿಟಿ ಎಂಬ ಮುಕ್ತ ತಂತ್ರಾಂಶ ಸಾಕು. ಅದರ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಹೆಚ್ಚು ಹೇಳಬೇಕಾದದ್ದು ಎಲಾನ್ ಎಂಬುದರ ಕುರಿತು. ನೆದರ್ಲೆಂಡ್ಸ್‌ನ ನೈಮೆಗನ್ ನಗರದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ಇದನ್ನು ಮಾಡಿದೆ. ಪರದೆಯ ಮೇಲ್ಭಾಗದಲ್ಲಿ ವಿಡಿಯೋ, ನಡುವೆ ಧ್ವನಿಯ ಅಲೆ, ಕೆಳಗೆ ಒಂದರ ಕೆಳಗೊಂದು ಪಟ್ಟಿಗಳು. ಮೊದಲ ಪಟ್ಟಿಯಲ್ಲಿ ಅಜ್ಜಿ ಆಡಿದ ವಾಕ್ಯವನ್ನು ಗೋರ್ ಬೋಲಿಯಲ್ಲಿ ಬರೆಯುತ್ತೇವೆ, ಎರಡನೆಯದರಲ್ಲಿ ಅದರ ಕನ್ನಡ, ಮೂರನೆಯದರಲ್ಲಿ ಮರಾಠಿ, ನಡುವೆ ಮೊಮ್ಮಗಳು ಬಾಯಿ ಹಾಕಿದರೆ ಅವಳಿಗೆ ಬೇರೆಯ ಪಟ್ಟಿ. ಪ್ರತಿ ವಾಕ್ಯವೂ ಇಷ್ಟನೆಯ ಮಿಲಿಸೆಕೆಂಡಿನಿಂದ ಇಷ್ಟನೆಯದಕ್ಕೆ ಎಂದು ಧ್ವನಿಗೆ ಅಂಟಿಕೊಂಡಿರುವುದರಿಂದ ವಾಕ್ಯದ ಮೇಲೆ ಒತ್ತಿದರೆ ಅಷ್ಟು ಭಾಗವೇ ಕೇಳಿಸುತ್ತದೆ. ಬರಿಯ ರೆಕಾರ್ಡಿಂಗ್ ಕೂಡಿಟ್ಟವರ ಬಳಿ ಎಷ್ಟು ಗಂಟೆಗಳ ಧ್ವನಿ ಇದ್ದರೂ ಅದರೊಳಗೆ ಏನಿದೆ ಎಂದು ಹುಡುಕುವ ದಾರಿಯಿಲ್ಲ. ಹೀಗೆ ಅಂಟಿಸಿದ ಹತ್ತು ನಿಮಿಷ ಅಂಥ ಹತ್ತು ಗಂಟೆಗಳಿಗಿಂತ ಉಪಯೋಗಕ್ಕೆ ಬರುತ್ತದೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಕಟ್ಟಡದ ಜಾಗದಲ್ಲಿ ರೆಕಾರ್ಡಿಂಗ್ ಮಾಡುವುದೇ ಒಂದು ಸಾಹಸ. ಕಾಂಕ್ರೀಟ್ ಮಿಕ್ಸರ್ ನಿಂತರೆ ಕಬ್ಬಿಣ ಕತ್ತರಿಸುವ ಯಂತ್ರ ಶುರುವಾಗುತ್ತದೆ, ಅದೂ ನಿಂತರೆ ಮುಕಾದಮರ ಫೋನು ಬಾರಿಸುತ್ತದೆ. ಅದರ ಮೇಲೆ, ವಯಸ್ಸಾದವರ ಹಲ್ಲಿಲ್ಲದ ಬಾಯಿಯ ಮಾತು ಮಕ್ಕಳಿಗೆ ಸ್ಪಷ್ಟವಾಗುವುದಿಲ್ಲ. ಭಾಷಾವಿಜ್ಞಾನಿ ಸ್ಟೀವನ್ ಬರ್ಡ್ ಮತ್ತು ಅವರ ಸಂಗಡಿಗರು ಐಕುಮಾ ಎಂಬ ಮುಕ್ತ ಆಂಡ್ರಾಯ್ಡ್ ತಂತ್ರಾಂಶದಲ್ಲಿ ಅಳವಡಿಸಿದ ವಿಧಾನವೊಂದು ಇಲ್ಲಿ ಕೈಹಿಡಿಯಿತು. ಮೂಲ ಧ್ವನಿಯನ್ನು ಒಂದೊಂದೇ ವಾಕ್ಯವಾಗಿ ಕೇಳಿಸಿಕೊಂಡು, ಆ ಭಾಷೆ ಬಲ್ಲ ಇನ್ನೊಬ್ಬರು ಅದನ್ನೇ ನಿಧಾನವಾಗಿ, ಸ್ಪಷ್ಟವಾಗಿ ಮತ್ತೆ ಹೇಳಿ ಮುದ್ರಿಸುವುದು. ಆಮೇಲೆ ಮತ್ತೊಬ್ಬರು ಅದರ ಅರ್ಥವನ್ನು ದೊಡ್ಡ ಭಾಷೆಯೊಂದರಲ್ಲಿ ಬಾಯಲ್ಲೇ ಹೇಳಿ ಮುದ್ರಿಸುವುದು. ಓದುಬರಹ ಬಾರದವರೂ ಈ ಕೆಲಸದಲ್ಲಿ ಪೂರ್ಣ ಪಾಲುದಾರರಾಗುತ್ತಾರೆ. ಶೆಡ್ಡಿನಲ್ಲಿ ಅಕ್ಷರ ಕಲಿಯದ ಮಧ್ಯವಯಸ್ಸಿನ ಹೆಂಗಸರು ಈ ‘ಮರುಮಾತಿ’ನ ಕೆಲಸದಲ್ಲಿ ಎಲ್ಲರಿಗಿಂತ ಚುರುಕು. ಹುಡುಗರು ಬರೆಯುವ ಹೊತ್ತಿಗೆ ಆ ಸ್ಪಷ್ಟ ಧ್ವನಿ ಸಿದ್ಧವಾಗಿರುತ್ತದೆ.

ಇಷ್ಟೆಲ್ಲ ಆದರೂ ಇದು ಉಳಿಸುವ ಕೆಲಸ; ಕಲಿಸುವ ಕೆಲಸ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿರುವುದರಿಂದಲೇ ಭಾಷಾ ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಎಷ್ಟೋ ಯೋಜನೆಗಳು ಒಂದು ದಪ್ಪ ಗ್ರಂಥವನ್ನೋ ಒಂದು ಜಾಲತಾಣವನ್ನೋ ಕೊಟ್ಟು ಮುಗಿದುಹೋಗುತ್ತವೆ ಎಂದು ನನಗೆ ಅನಿಸುತ್ತದೆ. ಎಂಟು ವರ್ಷದ ಮಗು ನಿಘಂಟು ಓದುವುದಿಲ್ಲ, ಕಥೆ ಓದುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಅನುಕೂಲ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಪುಸ್ತಕವೇ ಇಲ್ಲದಿದ್ದರೆ ಒಳ್ಳೆಯ ಮನಸ್ಸಿನ ಶಿಕ್ಷಕರೂ ಏನು ಮಾಡಿಯಾರು?

ಇದಕ್ಕೆ ನಾವು ಬಳಸುತ್ತಿರುವುದು ಬ್ಲೂಮ್ ಎಂಬ ತಂತ್ರಾಂಶವನ್ನು. ಇದೂ ಎಸ್‌ಐಎಲ್ ಸಂಸ್ಥೆಯದೇ, ಮುಕ್ತ ಪರವಾನಗಿಯದೇ. ಒಂದು ಪುಟದಲ್ಲಿ ಚಿತ್ರ, ಕೆಳಗೆ ಎರಡು ಸಾಲು, ಬೇಕಾದರೆ ಎರಡು ಭಾಷೆಗಳಲ್ಲಿ. ಎ4 ಹಾಳೆಯಲ್ಲಿ ಮುದ್ರಿಸಿ ಮಡಚಿ ಪಿನ್ ಹೊಡೆದರೆ ಪುಸ್ತಕವಾಗುವಂತೆ ಪುಟಗಳ ಕ್ರಮವನ್ನು ಅದೇ ಜೋಡಿಸಿಕೊಡುತ್ತದೆ. ಧ್ವನಿಯನ್ನೂ ಸೇರಿಸಬಹುದು, ಓದುತ್ತಾ ಹೋದಂತೆ ವಾಕ್ಯ ಬಣ್ಣ ಬದಲಿಸುತ್ತದೆ. ಮಕ್ಕಳಿಗೆ ಇಷ್ಟರವರೆಗೆ ಕಲಿಸಿದ ಅಕ್ಷರಗಳಷ್ಟನ್ನೇ ಬಳಸಿದ ವಾಕ್ಯಗಳಿವೆಯೇ ಎಂದು ಪರೀಕ್ಷಿಸುವ ಸೌಲಭ್ಯವೂ ಇದೆ. ಶಿಕ್ಷಕರ ತರಬೇತಿ ಇಲ್ಲದ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಚಿತ್ರಗಳ ಚಿಂತೆಯನ್ನು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣ ಕಳೆಯುತ್ತದೆ. ಅಲ್ಲಿನ ಕಥೆ ಮತ್ತು ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟಿರುವುದರಿಂದ, ಹೆಸರು ಉಲ್ಲೇಖಿಸಿ ಯಾರು ಬೇಕಾದರೂ ತಮ್ಮ ಭಾಷೆಗೆ ತಂದುಕೊಳ್ಳಬಹುದು. ಮೊದಲ ಕೆಲವು ಪುಸ್ತಕಗಳನ್ನು ಹಾಗೆ ಅನುವಾದಿಸಿ ಮಾಡಿದೆವು. ಮಕ್ಕಳು ಓದಿದರು, ಆದರೆ ಪುಸ್ತಕ ಕೆಳಗಿಟ್ಟ ಮೇಲೆ ಕೇಳಿದ್ದು ಲಂಬಾಣಿಗರ ಸಂತ ಸೇವಾಲಾಲರ ಕಥೆಯನ್ನು, ತೀಜ್ ಹಬ್ಬದಲ್ಲಿ ಬುಟ್ಟಿಯಲ್ಲಿ ಗೋಧಿ ಮೊಳೆಯಿಸುವ ಹುಡುಗಿಯರ ಕಥೆಯನ್ನು. ಅವನ್ನು ಹಿರಿಯರಿಂದಲೇ ಬರೆಸಬೇಕಾಯಿತು. ಅನುವಾದದ ಪುಸ್ತಕಗಳು ಓದುವ ಅಭ್ಯಾಸಕ್ಕೆ ಒಳ್ಳೆಯವು, ಆದರೆ ಮಗು ತನ್ನ ಭಾಷೆಯಲ್ಲಿ ಓದಬೇಕಾದ ಕಾರಣವನ್ನು ಅವು ಕೊಡುವುದಿಲ್ಲ.

ಹದಿಹರೆಯದವರಿಗೆ ಪುಸ್ತಕಕ್ಕಿಂತ ವಾಟ್ಸ್‌ಆ್ಯಪ್ ಹತ್ತಿರ. ಕೀಮ್ಯಾನ್ ಎಂಬ ಮುಕ್ತ ತಂತ್ರಾಂಶದಿಂದ ಯಾವ ಭಾಷೆಗೆ ಬೇಕಾದರೂ ಕೀಲಿಮಣೆ ಮಾಡಿ ಆಂಡ್ರಾಯ್ಡ್ ಫೋನುಗಳಿಗೆ ಹಾಕಬಹುದು. ಕನ್ನಡದ ಕೀಲಿಮಣೆಯಲ್ಲೇ ಗೋರ್ ಬೋಲಿ ಬರೆಯಲು ಬರುತ್ತದಲ್ಲ, ಇದು ಏಕೆ ಎಂದು ಕೇಳಿದರೆ, ಕನ್ನಡದ ಕೀಲಿಮಣೆ ಪ್ರತಿ ಪದವನ್ನೂ ತಪ್ಪೆಂದು ತಿಳಿದು ಕನ್ನಡದ ಪದಕ್ಕೆ ತಿದ್ದುತ್ತದೆ ಎಂಬುದೇ ಉತ್ತರ. ನಮ್ಮ ಪದಪಟ್ಟಿಯನ್ನು ಕೀಮ್ಯಾನ್‌ಗೆ ಕೊಟ್ಟರೆ ಅದು ಗೋರ್ ಬೋಲಿಯ ಪದವನ್ನೇ ಸೂಚಿಸುತ್ತದೆ. ಕಾಗುಣಿತ ತಿದ್ದುವ ಪೂರ್ಣ ವ್ಯವಸ್ಥೆಗೆ ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಮೂಲನಿವಾಸಿಗಳ ಸಾಮಿ ಭಾಷೆಗಳಿಗಾಗಿ ಕಟ್ಟಿದ ಮುಕ್ತ ಚೌಕಟ್ಟು ಇದೆ, ಬೇರೆ ಭಾಷೆಗಳವರೂ ಅದನ್ನು ಬಳಸಬಹುದು. ಆದರೆ ಒಂದು ಪದವನ್ನು ಹೇಗೆ ಬರೆಯಬೇಕೆಂದು ತಾಂಡಾದಿಂದ ತಾಂಡಾಕ್ಕೆ ಒಮ್ಮತ ಇಲ್ಲದಿರುವಾಗ ತಪ್ಪು ಒಪ್ಪುಗಳನ್ನು ಯಂತ್ರದ ಕೈಗೆ ಕೊಡುವುದು ಅವಸರವಾದೀತು.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಮುಕ್ತ ತಂತ್ರಾಂಶದ ಉತ್ಸಾಹಿಗಳಿಗೆ, ಅವರಲ್ಲಿ ನಾನೂ ಒಬ್ಬ, ಎಲ್ಲವನ್ನೂ ಬಹಿರಂಗವಾಗಿ ಇಡುವುದು ಸಹಜವಾದ ಒಳ್ಳೆಯತನವಾಗಿ ಕಾಣುತ್ತದೆ. ಲಂಬಾಣಿ ಮದುವೆಯಲ್ಲಿ ತವರು ಬಿಡುವ ಮದುಮಗಳು ಅಳುತ್ತಾ ಹಾಡುವ ಢಾವಲೊ ಎಂಬ ಹಾಡಿನ ಪ್ರಕಾರವಿದೆ. ಹಿರಿಯ ಹೆಂಗಸೊಬ್ಬರು ಅದನ್ನು ಮುದ್ರಿಸಲು ಒಪ್ಪಿದರು, ಹಾಡಿದರು. ಜಾಲದಲ್ಲಿ ಹಾಕಬಹುದೇ ಯಾಡಿ ಎಂದು ಕೇಳಿದ್ದಕ್ಕೆ, “ಅದನ್ನ ಹಂಗ ಎಲ್ಲಾರ ಮುಂದ ಹಚ್ಚೂದಲ್ರೀ. ಮನ್ಯಾಗಿನ ಹೆಣ್ಣಮಕ್ಕಳು ಕೇಳಿ ಕಲೀಲಿ, ಸಾಕು” ಎಂದರು. ಅವರ ಮಾತಿಗೆ ಎದುರಾಗಿ ಇಡಬಹುದಾದ ಯಾವ ವಾದವೂ ನನ್ನಲ್ಲಿ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ತಂತ್ರಾಂಶದ ಕೋಡ್ ಬರೆದವರು ಅದನ್ನು ಮುಕ್ತವಾಗಿ ಕೊಟ್ಟರು, ಅದು ಅವರ ಇಷ್ಟ. ಹಾಡು ಕೋಡ್ ಬರೆದವರದಲ್ಲ, ನನ್ನದೂ ಅಲ್ಲ.

ಈ ಭೇದವನ್ನು ಜಗತ್ತಿನ ಬೇರೆ ಮೂಲನಿವಾಸಿ ಸಮುದಾಯಗಳು ನಮಗಿಂತ ಮೊದಲೇ ಕಂಡುಕೊಂಡಿವೆ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್ ಪ್ರದೇಶದ ವಾರುಮುಂಗು ಜನರೊಂದಿಗೆ ಕೆಲಸ ಮಾಡುತ್ತಾ ರೂಪುಗೊಂಡ ಮುಕುರ್ತು ಎಂಬ ಮುಕ್ತ ತಂತ್ರಾಂಶದಲ್ಲಿ, ಯಾವ ಚಿತ್ರವನ್ನು ಗಂಡಸರಷ್ಟೇ ನೋಡಬೇಕು, ಯಾವ ಹಾಡನ್ನು ಹೆಂಗಸರಷ್ಟೇ ಕೇಳಬೇಕು, ತೀರಿಹೋದವರ ಚಿತ್ರವನ್ನು ತೋರಿಸುವ ಮುನ್ನ ಏನು ಎಚ್ಚರಿಕೆ ಕೊಡಬೇಕು ಎಂಬಂಥ ಸಮುದಾಯದ ಕಟ್ಟಳೆಗಳನ್ನೇ ಅಳವಡಿಸಬಹುದು. ನ್ಯೂಜಿಲೆಂಡಿನ ಉತ್ತರ ತುದಿಯ ಮಾವೊರಿ ಸಂಸ್ಥೆ ತೆ ಹಿಕು ಮೀಡಿಯಾ 2018ರಲ್ಲಿ ಜನರಿಂದ ಹತ್ತು ದಿನಗಳಲ್ಲಿ 300 ಗಂಟೆಗಳಿಗೂ ಹೆಚ್ಚಿನ ಮಾವೊರಿ ಓದನ್ನು ಮುದ್ರಿಸಿಕೊಂಡು, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಡೀಪ್‌ಸ್ಪೀಚ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿ ಧ್ವನಿಯಿಂದ ಬರಹಕ್ಕೆ ಬದಲಿಸುವ ವ್ಯವಸ್ಥೆ ಕಟ್ಟಿತು. ಆದರೆ ಆ ಧ್ವನಿಸಂಗ್ರಹವನ್ನು ಹೊರಗಿನ ಕಂಪನಿಗಳಿಗೆ ಬಿಟ್ಟುಕೊಡಲು ಒಪ್ಪದೆ, ಸಮುದಾಯದ ಪಾಲಕತ್ವವನ್ನು ಆಧಾರವಾಗಿಸಿದ ತನ್ನದೇ ಪರವಾನಗಿ ರೂಪಿಸಿತು. ಅವರ ಮಟ್ಟಿಗೆ ಉಪಕರಣ ಮುಕ್ತ, ಧ್ವನಿಸಂಗ್ರಹ ಸಮುದಾಯದ ಸುಪರ್ದಿನಲ್ಲಿ. ಮೊಜಿಲ್ಲಾದ್ದೇ ಆದ ಕಾಮನ್ ವಾಯ್ಸ್ ಯೋಜನೆ ಇದಕ್ಕೆ ತದ್ವಿರುದ್ಧವಾಗಿ, ಜನ ಕೊಟ್ಟ ಧ್ವನಿಯನ್ನು ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಡುತ್ತದೆ. ಕನ್ನಡ, ಮರಾಠಿಗಳಂಥ ದೊಡ್ಡ ಭಾಷೆಗಳಿಗೆ ಎರಡನೆಯ ದಾರಿಯೇ ಸರಿ ಎಂದು ನಾನು ನಂಬುತ್ತೇನೆ. ಊರೂರು ಅಲೆದು ದುಡಿಯುವ, ತಮ್ಮ ಕಸೂತಿ ಬೇರೆಯವರ ಹೆಸರಿನಲ್ಲಿ ಮಾರಾಟವಾಗುವುದನ್ನು ಕಂಡಿರುವ ಜನರಿಗೆ ಅದೇ ಉಪದೇಶ ಮಾಡಲು ನನ್ನ ಬಾಯಿ ಬರುವುದಿಲ್ಲ. ನಮ್ಮ ಸಂಗ್ರಹದಲ್ಲಿ ಪ್ರತಿ ಧ್ವನಿಕಡತದ ಜತೆಗೂ ಯಾರಿಗೆ ಕೇಳಿಸಬಹುದೆಂಬ ಒಂದು ಸಾಲು ಇರುತ್ತದೆ. ಹೋಳಿಯ ಲೇಂಗಿ ಹಾಡುಗಳಿಗೆ ಎಲ್ಲರಿಗೂ ಎಂದು ಹೇಳಿದ್ದಾರೆ, ಢಾವಲೊಗಳಿಗೆ ಮನೆಯವರಿಗೆ ಎಂದಿದ್ದಾರೆ.

ಮುಕ್ತವಾಗಿ ಕೊಡುವುದರಿಂದ ಭಾಷೆ ಬೆಳೆದ ಉದಾಹರಣೆಗಳೂ ನಮ್ಮ ಸುತ್ತಲೇ ಇವೆಯೆಂಬುದನ್ನು ಮರೆಯಬಾರದು. ಗೋವಾ ವಿಶ್ವವಿದ್ಯಾಲಯ ತನ್ನ ಕೊಂಕಣಿ ವಿಶ್ವಕೋಶವನ್ನು 2013ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ತಂದಿತು, 2015ರಲ್ಲಿ ಕೊಂಕಣಿ ವಿಕಿಪೀಡಿಯ ಸ್ವತಂತ್ರವಾಗಿ ತೆರೆಯಿತು; ಮರುವರ್ಷ ತುಳು ವಿಕಿಪೀಡಿಯವೂ ಬಂತು. ಸಂತಾಲಿಗೆ ಪಂಡಿತ ರಘುನಾಥ ಮುರ್ಮು 1925ರಲ್ಲಿ ರೂಪಿಸಿದ ಓಲ್ ಚಿಕಿ ಲಿಪಿ 2008ರಲ್ಲಿ ಯೂನಿಕೋಡ್ ಸೇರಿದ ಮೇಲೆ ಅದೇ ಲಿಪಿಯಲ್ಲಿ 2018ರಲ್ಲಿ ವಿಕಿಪೀಡಿಯ ಬಂದಿತು.  

ಮಹಾರಾಷ್ಟ್ರದಲ್ಲಿ ಕೆಲಸ ಕಾಯುತ್ತಿರುವ ಭಾಷೆಗಳು ಬಹಳ. ಪಾಲಘರ್‌ನ ವಾರ್ಲಿ, ರಾಯಗಡದ ಕಾತಕರಿ, ಗಡಚಿರೋಲಿಯ ಮಾಡಿಯಾ, ಬುಲ್ಢಾಣಾ ಜಿಲ್ಲೆಯಲ್ಲಿ ಯಾವ ಭಾಷಾಕುಟುಂಬಕ್ಕೂ ಸೇರದೆ ಒಂಟಿಯಾಗಿ ನಿಂತಿರುವ ನಿಹಾಲಿ, ಯವತಮಾಳದ ಕೋಲಾಮಿ. ಕೋಲಾಮಿಯೂ ಗೊಂಡಿಯೂ ಕನ್ನಡದಂತೆಯೇ ದ್ರಾವಿಡ ಕುಟುಂಬದವು. ಪುಣೆ, ಮುಂಬೈಗಳ ಕನ್ನಡಿಗರಲ್ಲಿ ಅದು ಗೊತ್ತಿರುವವರು ಕಡಿಮೆ. ಪುಣೆಯಲ್ಲೇ ಆದಿವಾಸಿ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ, ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನ ವಿಭಾಗ ಇದೆ, ಅಲ್ಲಿ ಮರಾಠಿಯ ಉಪಭಾಷೆಗಳ ಸಮೀಕ್ಷೆ ನಡೆದಿದೆ, ಸಾವಿರಾರು ಕನ್ನಡಿಗ ಎಂಜಿನಿಯರುಗಳೂ ಇದ್ದಾರೆ. ರಾಜ್ಯೋತ್ಸವದ ದಿನ ಶಾಲು ಹೊದೆಯುವ ನಮ್ಮವರಲ್ಲಿ ಹತ್ತು ಮಂದಿ ತಿಂಗಳಿಗೊಂದು ಭಾನುವಾರ ಕೊಟ್ಟರೂ ಆಗುವ ಕೆಲಸಕ್ಕೆ ಮಿತಿಯಿಲ್ಲ.

ಹಾಗೆ ಬರುವವರಿಗೆ ಕೆಲವು ಅಡೆತಡೆಗಳನ್ನು ಮುಂಚಿತವಾಗಿ ಹೇಳಿಬಿಡುವುದು ನ್ಯಾಯ. ಫೀಲ್ಡ್‌ವರ್ಕ್ಸ್ ಭಾರವಾದ ತಂತ್ರಾಂಶ, ಹಳೆಯ ಲ್ಯಾಪ್‌ಟಾಪುಗಳಲ್ಲಿ ತೆವಳುತ್ತದೆ, ಭಾಷಾವಿಜ್ಞಾನದ ಪರಿಭಾಷೆಯಿಂದ ಹೊಸಬರನ್ನು ಹೆದರಿಸುತ್ತದೆ. ಎಲಾನ್ ಕಲಿಯಲು ತಾಳ್ಮೆ ಬೇಕು. ಮುಕ್ತ ತಂತ್ರಾಂಶಗಳು ಅನುದಾನ ನಿಂತಾಗ ಸೊರಗುತ್ತವೆ. ಡೀಪ್‌ಸ್ಪೀಚ್‌ನ ಅಭಿವೃದ್ಧಿಯನ್ನು ಮೊಜಿಲ್ಲಾ ನಿಲ್ಲಿಸಿದೆ. ಅದರ ಸೋರ್ಸ್ ಕೋಡ್ ಮಾತ್ರ ಎಲ್ಲರ ಕೈಯಲ್ಲಿ ಉಳಿದಿದೆ. ಇನ್ನೊಂದು ಕಡೆ, ‘ಸಾವಿರ ಭಾಷೆಗಳ’ ಧ್ವನಿಮಾದರಿಗಳೆಂದು ದೊಡ್ಡ ಕಂಪನಿಗಳು ಪ್ರಕಟಿಸುವುದನ್ನು ನೋಡಿ, ಇನ್ನು ಈ ಕೈಕೆಲಸ ಏಕೆ ಎಂದು ಕೇಳುವವರಿದ್ದಾರೆ. 2023ರಲ್ಲಿ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ 1,100ಕ್ಕೂ ಹೆಚ್ಚು ಭಾಷೆಗಳಿಗೆ ಮಾಡಿದ ಮಾದರಿಗಳಿಗೆ ಮುಖ್ಯ ಆಧಾರ ಬೈಬಲ್ಲಿನ ಹೊಸ ಒಡಂಬಡಿಕೆಯ ಓದಿನ ಧ್ವನಿಮುದ್ರಣಗಳು, ಪರವಾನಗಿ ವಾಣಿಜ್ಯೇತರ ಬಳಕೆಗೆ ಸೀಮಿತ. ಹೊಲಿಗೆಯ ಹೆಸರುಗಳೂ ಲೇಂಗಿಯೂ ಆ ದಾರಿಯಿಂದ ಬರಲಾರವು.

ಸದ್ಯಕ್ಕೆ ನಮ್ಮ ಪದಸಂಗ್ರಹದ ಒಂದು ಪ್ರತಿ ಪುಣೆಯಲ್ಲಿ, ಒಂದು ಇಂಡಿಯ ತಾಂಡಾದಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಇದೆ. ದೀಪಾವಳಿಗೆ ಊರಿಗೆ ಹೋಗುವ ಹುಡುಗರು ಅಲ್ಲಿನ ಹಿರಿಯರೊಂದಿಗೆ ಕುಳಿತು ಬೇಸಾಯದ ವಿಭಾಗವನ್ನು ತುಂಬಿಸಿಕೊಂಡು ಬರುವುದೆಂದು ಮಾತಾಗಿದೆ. ದೇವನಾಗರಿಗೆ ಬದಲಿಸಿದ ನಮೂದುಗಳನ್ನು ಒಂದೊಂದಾಗಿ ಓದಿ ನೋಡುವ ಕೆಲಸ ಬಾಕಿಯಿದೆ, ಅದಕ್ಕೆ ಕನ್ನಡ ಮತ್ತು ಮರಾಠಿ ಎರಡನ್ನೂ ಸಲೀಸಾಗಿ ಓದಬಲ್ಲವರು ಬೇಕು. ಗೋರ್ ಬೋಲಿ ಬಾರದಿದ್ದರೂ ನಡೆಯುತ್ತದೆ. ಅನುಮಾನ ಬಂದ ಪದಕ್ಕೆ ಗುರುತು ಹಾಕಿದರೆ ಸಾಕು, ತೀರ್ಮಾನವನ್ನು ಹೆಂಗಸರು ಮಾಡುತ್ತಾರೆ.